ಯಶೋಧರಣ್ಣ ಸಹಿ ಕೇಳಿದ್ದು

ಕುವೈತಿನ ತುಳುವರಲ್ಲಿ ಯಶೋಧರಣ್ಣನ ನಂಬರು ಇಲ್ಲದ ಫೋನು ಸಿಗುವುದು ಕಷ್ಟ. ಆದರೆ ಆ ನಂಬರಿನಿಂದ ಕರೆ ಬಂತೆಂದು ಸಂತೋಷಪಟ್ಟವರು ಯಾರೂ ಇಲ್ಲ. ಶುವೈಖ್‌ನ ಒಂದು ಕೇಟರಿಂಗ್ ಕಂಪನಿಯಲ್ಲಿ ಅಕ್ಕಿ ಮೂಟೆ, ಎಣ್ಣೆ ಡಬ್ಬ ನೋಡಿಕೊಳ್ಳುವ ಸ್ಟೋರ್‌ಕೀಪರ್ ಕೆಲಸ ಅವರ ಹೊಟ್ಟೆಪಾಡು. ಜನರಿಗೆ ಗೊತ್ತಿದ್ದದ್ದು ಮಾತ್ರ ಇನ್ನೊಂದು ಕೆಲಸ. ಇಲ್ಲಿ ಊರಿನವರು ಯಾರಾದರೂ ತೀರಿಕೊಂಡರೆ ಹೆಣವನ್ನು ಮನೆ ಮುಟ್ಟಿಸುವ ಓಡಾಟವೆಲ್ಲ ಅವರದು. ಆಸ್ಪತ್ರೆಯ ಸರ್ಟಿಫಿಕೇಟು, ಎಂಬಸಿಯ ಮುದ್ರೆ, ಕೆಲಸಕ್ಕಿಟ್ಟುಕೊಂಡ ಕಫೀಲನ ಕಡೆಯಿಂದ ವಾಸದ ಪರವಾನಗಿ ಇಕಾಮಾ ರದ್ದು, ವಿಮಾನದ ಕಾರ್ಗೋ, ಒಂದರ ಬಾಲ ಹಿಡಿದು ಇನ್ನೊಂದು. ಸಂಘದ ಪಿಕ್‌ನಿಕ್ಕಿನಲ್ಲಿ ಅವರು "ಆರೋಗ್ಯ ಹೇಗುಂಟು?" ಎಂದು ಕೇಳಿದರೆ, "ನನ್ನದು ಚೆನ್ನಾಗಿಯೇ ಉಂಟು ಯಶೋಧರಣ್ಣ, ನೀವು ಬೇರೆ ಕಡೆ ನೋಡಿ" ಎಂದು ಜನ ನಗಾಡುತ್ತಿದ್ದರು. ಅವರೂ ನಗಾಡುತ್ತಿದ್ದರು.

ಇದನ್ನು ಅವರಿಗೆ ಯಾರೂ ವಹಿಸಿದ್ದಲ್ಲ. ಮದುವೆಗೆ ಮುಂಚೆ ಬ್ಯಾಚುಲರ್ ರೂಮಿನಲ್ಲಿದ್ದಾಗ ಪಕ್ಕದ ಮಂಚದ ಹುಡುಗನೊಬ್ಬ ಬೆಳಿಗ್ಗೆ ಏಳಲಿಲ್ಲ. ಉಳಿದವರೆಲ್ಲ ಡ್ಯೂಟಿಗೆ ತಡವಾಯಿತೆಂದು ಹೋದರು, ಇವರು ಹೋಗಲಿಲ್ಲ. ಅಷ್ಟೇ. ಒಮ್ಮೆ ಹೋಗದೆ ಉಳಿದವನ ಹೆಗಲಿಗೆ ಈ ಲೋಕ ಎಲ್ಲವನ್ನೂ ಕಟ್ಟುತ್ತದೆ, ಆಮೇಲೆ ದೊಡ್ಡ ಮನುಷ್ಯ ಎಂದು ಶಾಲು ಹೊದಿಸುತ್ತದೆ.

ಆ ಓಡಾಟದಲ್ಲೆಲ್ಲ ಕಷ್ಟದ್ದು ಯಾವುದು ಎಂದು ಹೆಂಡತಿ ಕುಸುಮಾವತಿ ಒಮ್ಮೆ ಕೇಳಿದ್ದರು. ಶವಾಗಾರ ಎನ್ನುತ್ತಾರೆಂದು ಅವರು ಎಣಿಸಿದ್ದು. "ಸಹಿ," ಎಂದರು ಯಶೋಧರಣ್ಣ. "ಹೆಣ ಊರಿಗೆ ಕಳಿಸುವ ಒಪ್ಪಿಗೆ ಕಾಗದಕ್ಕೆ ಸತ್ತವನ ಹೆಂಡತಿ ಸಹಿ ಹಾಕ್ಬೇಕಲ್ಲ, ಅದು. ಯಾರೂ ಕೇಳಿದ ಕೂಡಲೇ ಹಾಕುದಿಲ್ಲ. ಕಾಗದವನ್ನು ಆಚೆ ದೂಡ್ತಾರೆ. ಗಂಡನ ಮೇಲೆ ಪ್ರೀತಿ ಇದ್ದವರೂ ದೂಡ್ತಾರೆ, ಇಲ್ಲದವರೂ ದೂಡ್ತಾರೆ. ನಾನು ಸುಮ್ಮನೆ ಕೂತಿರುದು."

ಮೈದಾನ್ ಹವಲ್ಲಿಯ ಅವರ ಫ್ಲ್ಯಾಟಿನಲ್ಲಿ ಕುಸುಮಾವತಿಯದು ಬೇರೆಯೇ ರಾಜ್ಯ. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅವರಲ್ಲಿ ಬಿಟ್ಟು ಹೋಗುತ್ತಿದ್ದರು. ಮುಂದಿನ ಕೋಣೆಯ ತುಂಬ ಕ್ರೇಯಾನು, ಬಿಸ್ಕತ್ತಿನ ಪುಡಿ, ಅಳು. ಗಂಡ ಶವಾಗಾರದಿಂದ ಬರುವ ದಿನ ಮಾತ್ರ ಕಟ್ಟುನಿಟ್ಟು. ಬಾಗಿಲಿನ ಹೊರಗೆ ಅರಶಿನ ಬೆರೆಸಿದ ನೀರಿನ ಬಕೆಟ್ ಇಡುತ್ತಿದ್ದರು. ಯಶೋಧರಣ್ಣ ಕೈಕಾಲು ತೊಳೆದು, ತಲೆಗೆ ಚಿಮುಕಿಸಿ, ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು. ಎದುರು ಫ್ಲ್ಯಾಟಿನ ಈಜಿಪ್ಟಿನವರು ಆ ಬಕೆಟ್ ನೋಡಿದರೆ ಲಿಫ್ಟಿನಲ್ಲೇ ಸಲಾಂ ಹೇಳಿ ಜಾರಿಕೊಳ್ಳುತ್ತಿದ್ದರು.

ಈ ಗಂಡಹೆಂಡಿರ ನಡುವೆ ಒಂದು ಗುಟ್ಟಿತ್ತು. ಹೋದ ರಜೆಯಲ್ಲಿ ಮಂಗಳೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಕಿಡ್ನಿ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ, ಮೊಣಕಾಲು ನೋವಿಗೆ ನುಂಗುವ ಮಾತ್ರೆ ಇವತ್ತೇ ಬಿಡಿ, ಯಾವ ಔಷಧ ತೆಗೆದುಕೊಂಡರೂ ಇದನ್ನು ಹೇಳಿಯೇ ತೆಗೆದುಕೊಳ್ಳಿ ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಯಶೋಧರಣ್ಣ ಮಗಳು ಅಶ್ಮಿತಾಳ ತಲೆಯ ಮೇಲೆ ಹೆಂಡತಿಯಿಂದ ಆಣೆ ಹಾಕಿಸಿಕೊಂಡರು. "ಯಾರಿಗೂ ಗೊತ್ತಾಗ್ಬಾರದು. ಕಂಪನಿಯಲ್ಲಿ ಒಬ್ಬನಿಗೆ ಹೀಗೇ ಕಿಡ್ನಿ ಅಂತ ಆಗಿ ಆ ತಿಂಗಳೇ ಊರಿಗೆ ಕಳಿಸಿಬಿಟ್ರು. ಮಗಳ ಹನ್ನೆರಡನೇ ಕ್ಲಾಸು ಮುಗಿಯಲಿ. ಆಮೇಲೆ ಡೋಲು ಹೊಡೆದು ಬೇಕಾದ್ರೂ ಹೇಳು." ಕುಸುಮಾವತಿ ಬಾಯಿಗೆ ಬೀಗ ಹಾಕಿಕೊಂಡರು.

ಬೇಸಿಗೆ ಏರುವ ಹೊತ್ತಿಗೆ ಜಹ್ರಾದಲ್ಲಿ ದೇಜಪ್ಪ ತೀರಿಕೊಂಡರು. ಒಂದು ಕುವೈತಿ ಮನೆಯಲ್ಲಿ ಡ್ರೈವರ್ ಆಗಿ ಮುದುಕರಾದ ಒಂಟಿ ಜೀವ. ಕಫೀಲ್ ದೇಶದಲ್ಲಿರಲಿಲ್ಲ, ಇಕಾಮಾದ ಅವಧಿ ಮುಗಿದಿತ್ತು, ಊರಿನಲ್ಲಿ ಕಾಗದಕ್ಕೆ ಸಹಿ ಹಾಕುವವರೂ ಬೇಗ ಸಿಗಲಿಲ್ಲ. ಹೆಣ ವಾರಗಟ್ಟಲೆ ಶವಾಗಾರದ ಪೆಟ್ಟಿಗೆಯಲ್ಲಿ ತಣ್ಣಗಿತ್ತು. ಯಶೋಧರಣ್ಣ ಆ ಸುಡು ಬಿಸಿಲಿನಲ್ಲಿ ಜಹ್ರಾಕ್ಕೂ ಎಂಬಸಿಗೂ ಅಲೆದು, ಕೊನೆಗೆ ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸಿ ಮನೆಗೆ ಬಂದ ಸಂಜೆ ಕುಸುಮಾವತಿ ಹಾಲು ತರಲು ಕೆಳಗೆ ಅಂಗಡಿಗೆ ಹೋಗಿದ್ದರು. ಬಾಗಿಲಲ್ಲಿ ಬಕೆಟ್ ಇರಲಿಲ್ಲ. ಸುಸ್ತಾಗಿದ್ದ ಮನುಷ್ಯ ಹಾಗೆಯೇ ಒಳಗೆ ಬಂದು ಸೋಫಾದಲ್ಲಿ ಕುಳಿತರು, ಅಲ್ಲೇ ನಿದ್ದೆ ಹೋದರು. ಹಾಲು ಹಿಡಿದು ಬಂದ ಕುಸುಮಾವತಿ ಬಕೆಟ್ ಇಲ್ಲದ ಬಾಗಿಲನ್ನೂ ಮಲಗಿದ್ದ ಗಂಡನನ್ನೂ ನೋಡಿದರು. ಅವರು ಎದ್ದ ಕೂಡಲೇ ಸೋಫಾದ ಬಟ್ಟೆಯನ್ನು ತೆಗೆದು ಒಗೆಯಲು ಹಾಕಿದರು.

ಅದಾಗಿ ಸ್ವಲ್ಪ ದಿನಕ್ಕೆ ಯಶೋಧರಣ್ಣನ ಸೊಂಟದ ಬಲಮಗ್ಗುಲಲ್ಲಿ ಬೆಂಕಿ ತಾಗಿದ ಹಾಗೆ ಉರಿ ಶುರುವಾಯಿತು, ಮರುದಿನ ಬೆನ್ನಿನಿಂದ ಹೊಟ್ಟೆಯವರೆಗೆ ಗುಳ್ಳೆಗಳ ಸಾಲು ಎದ್ದಿತು. ಸರ್ಪಸುತ್ತು. ಊರಿನಲ್ಲಾಗಿದ್ದರೆ ನಾಗನ ಕಲ್ಲಿಗೆ ಹಾಲೆರೆದು ಬರಬಹುದಿತ್ತು ಎಂದು ಕುಸುಮಾವತಿ ಗೊಣಗಿದರು. ಇಬ್ಬರೂ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಅಂಗಿ ಎತ್ತಿ ನೋಡಿ, ಕಂಪ್ಯೂಟರಿನಲ್ಲಿ ಬಡಿಯುತ್ತ, ಬೇರೆ ಏನಾದರೂ ಕಾಯಿಲೆ ಇದೆಯಾ ಎಂದು ಕೇಳಿದರು. "ನಥಿಂಗ್, ಡಾಕ್ಟರ್," ಎಂದರು ಯಶೋಧರಣ್ಣ. ಕುಸುಮಾವತಿ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ನೋಡುತ್ತಿದ್ದರು.

ಮಾತ್ರೆ ದಪ್ಪದ್ದು, ದಿನಕ್ಕೆ ಮೂರು ಹೊತ್ತು. ತಪ್ಪಿಸಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದಿದ್ದರು ಡಾಕ್ಟರು. ಇನ್ನೊಬ್ಬರ ಮಕ್ಕಳಿಗೆ ಹೊತ್ತುಹೊತ್ತಿಗೆ ಹಾಲು, ಸಿರಪ್ಪು ಕೊಟ್ಟು ಪಳಗಿದ ಕೈ ಕುಸುಮಾವತಿಯದು. ಫೋನಿಗೆ ಅಲಾರಂ ಇಟ್ಟರು. ಒಂದು ಹೊತ್ತೂ ತಪ್ಪಲಿಲ್ಲ.

ತಪ್ಪಿದ್ದು ಯಶೋಧರಣ್ಣನ ಮಾತು. ಗಂಜಿಯ ಬಟ್ಟಲು ನೋಡಿ "ಫೈಲು ಬಿಸಿ ಉಂಟು" ಎಂದರು. ಅಶ್ಮಿತಾ ನಕ್ಕಳು, ಅವರು ನಗಲಿಲ್ಲ. ಚಾ ಹಿಡಿದ ಕೈ ತನ್ನಷ್ಟಕ್ಕೆ ಜಿಗಿದು ಲೋಟ ಬಿತ್ತು. ಆಮೇಲೆ ಖಾಲಿ ಸೋಫಾದ ಕಡೆ ತಿರುಗಿ, "ದೇಜಪ್ಪಣ್ಣ, ಕಾಲು ಮೇಲೆ ಇಟ್ಟು ಕೂತ್ಕೊಳ್ಳಿ, ಮಕ್ಕಳು ಎಡವುತ್ತಾರೆ" ಎಂದರು.

ಕುಸುಮಾವತಿ ಸೋಫಾದ ಹತ್ತಿರವಿದ್ದ ಮಕ್ಕಳನ್ನು ಈಚೆ ಎಳೆದುಕೊಂಡರು.

"ಮಮ್ಮೀ, ದಿಸ್ ಈಸ್ ನಾಟ್ ನಾರ್ಮಲ್," ಎಂದಳು ಅಶ್ಮಿತಾ. "ವಿ ಶುಡ್ ಟೇಕ್ ಹಿಮ್ ಟು ಹಾಸ್ಪಿಟಲ್."

"ನೀನು ಓದ್ಕೋ. ಇದು ಆಸ್ಪತ್ರೆದು ಅಲ್ಲ."

ಬಕೆಟ್ ಇಡದ ಆ ಸಂಜೆ ಅವರ ಕಣ್ಣ ಮುಂದೆಯೇ ಇತ್ತು. ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಜೋಯಿಸರಲ್ಲಿಗೆ ಓಡಿ ಪ್ರಶ್ನೆ ಇಡಿಸಿದರು. ಬಂದ ಉತ್ತರ ಇವರ ಹೆದರಿಕೆಗೆ ಸರಿಯಾಗಿಯೇ ಇತ್ತು. ನೆಲೆ ಸಿಗದ ಒಂದು ಕುಲೆ, ಸತ್ತವನ ಪ್ರೇತ, ಹಿಂದೆ ಬಂದಿದೆ, ಸತ್ತವನ ಮನೆಯವರು ಬಡಿಸಬೇಕಾದ್ದನ್ನು ಬಡಿಸಿಲ್ಲ, ಅದು ಇವರನ್ನು ಹಿಡಿದಿದೆ. ದೇಜಪ್ಪನ ಹೆಸರಿನಲ್ಲಿ ಎಲೆಗೆ ಬಡಿಸಿ ಹೊರಗಿಡಿ, ತೆಂಗಿನಕಾಯಿ ನಿವಾಳಿಸಿ ಒಡೆಯಿರಿ. ಕುಸುಮಾವತಿ ಬಾಳೆಲೆ ತರಿಸಿ, ಅನ್ನ, ಕೋಳಿ ಸಾರು ಬಡಿಸಿ ಟೆರೇಸಿನಲ್ಲಿ ಇಟ್ಟು ಬಂದರು. ಕಟ್ಟಡ ಕಾಯುವ ಹಾರಿಸ್ ಅದನ್ನು ಬೆಕ್ಕುಗಳಿಗೆ ಹಾಕಿದ. ಮಾತ್ರೆಯನ್ನಂತೂ ಬಿಡಲಿಲ್ಲ. ಕುಲೆ ಬೇರೆ, ಸರ್ಪಸುತ್ತು ಬೇರೆ, ಎರಡಕ್ಕೂ ಅದರದರ ಉಪಚಾರ ಆಗಬೇಕು ಎಂಬುದು ಅವರ ತರ್ಕ. ಆ ತರ್ಕದಲ್ಲಿ ಸೋಮಾರಿತನವಿರಲಿಲ್ಲ, ಬರೀ ಪ್ರೀತಿಯಿತ್ತು. ಪ್ರೀತಿಗೆ ಕಣ್ಣು ಕಾಣಿಸುವುದು ಕಡಿಮೆ.

ಶುಕ್ರವಾರ ಬೆಳಿಗ್ಗೆ ಯಶೋಧರಣ್ಣ ಸ್ನಾನ ಮಾಡದೆಯೇ ಇಸ್ತ್ರಿಯಾದ ಅಂಗಿ ತೊಟ್ಟು ಮುಂದಿನ ಕೋಣೆಗೆ ಬಂದರು. ಮುಖದಲ್ಲಿ ಗಾಬರಿ ಇರಲಿಲ್ಲ. ಬೇರೆಯವರ ಮನೆಗೆ ಸುದ್ದಿ ತಿಳಿಸಲು ಹೋಗುವಾಗಿನ ಮುಖ ಅದು, ಕುಸುಮಾವತಿಗೆ ಚೆನ್ನಾಗಿ ಗೊತ್ತಿದ್ದದ್ದೇ.

"ಕುಸುಮ, ಹೆದರ್ಬೇಡ. ನಾನು ತೀರಿಕೊಂಡಿದ್ದೇನೆ," ಎಂದರು. "ಎದೆಬಡಿತ ಇಲ್ಲ, ನಾನು ನೋಡಿಯಾಯ್ತು. ನನ್ನ ಪಾಸ್‌ಪೋರ್ಟು, ಸಿವಿಲ್ ಐಡಿ ಕಪಾಟಿನಲ್ಲಿ ಉಂಟು. ಇವತ್ತು ಎಂಬಸಿ ರಜೆ. ಆದರೆ ನಿನ್ನ ಸಹಿ ಇದ್ರೆ ಉಳಿದದ್ದು ಮುಂದೆ ಹೋಗ್ತದೆ."

ಕೆಳಗಿನ ಮಹಡಿಯ ರೋಶನ್‌ನನ್ನು ಅಶ್ಮಿತಾ ಆಗಲೇ ಕರೆದಿದ್ದಳು. ಏಸಿ ರಿಪೇರಿ ಮಾಡುವ ರೋಶನ್ ಕ್ರಿಶ್ಚಿಯನ್ನರ ಹುಡುಗ, ಇವರ ಮನೆಯವನಂತೆಯೇ ಇದ್ದವನು. ಇಲ್ಲಿ ವಾರದ ರಜೆ ಶುಕ್ರವಾರ, ಪೂಜೆಯೂ ಅಂದೇ; ಚರ್ಚಿಗೆ ಹೊರಟಿದ್ದವನು ಹಾಗೆಯೇ ಮೇಲೆ ಬಂದ.

"ಎಂತದು ಯಶೋಧರಣ್ಣ, ಮಾತಾಡ್ತಾ ಇದ್ದೀರಿ, ಸತ್ತದ್ದು ಹೇಗೆ?" ಎಂದು ನಗಿಸಲು ನೋಡಿದ.

"ಹಾಗೆ ಸುಮಾರು ಜನ ಹೇಳ್ತಾರೆ ರೋಶು. ಮೊದಲು ನಂಬುದಿಲ್ಲ." ಯಶೋಧರಣ್ಣ ಮಕ್ಕಳ ಮೇಜಿನಿಂದ ಒಂದು ಡ್ರಾಯಿಂಗ್ ಹಾಳೆ ತೆಗೆದರು. ಯಾವುದೋ ಮಗು ಅದರ ಒಂದು ಬದಿಯಲ್ಲಿ ಹಸಿರು ಆನೆ ಬರೆದಿತ್ತು. ಖಾಲಿ ಬದಿಯನ್ನು ಮೇಲೆ ಮಾಡಿ ಹೆಂಡತಿಯ ಎದುರಿಟ್ಟು, ಕೆಳಗಿನ ಮೂಲೆಗೆ ಬೆರಳಿಟ್ಟು ತೋರಿಸಿದರು. "ಇಲ್ಲಿ."

"ಹಾಕಿಬಿಡಿ ಅಕ್ಕ," ಎಂದ ರೋಶನ್ ಮೆಲ್ಲಗೆ. "ಸಮಾಧಾನ ಆಗ್ಲಿ, ಮತ್ತೆ ನೋಡುವ."

ಕುಸುಮಾವತಿ ಎರಡನೆಯ ಯೋಚನೆ ಮಾಡಲಿಲ್ಲ. ಹಠ ಮಾಡುವ ಮಗುವಿಗೆ ಹೂಂ ಎಂದು ಮಲಗಿಸುವುದು ಅವರ ದಿನನಿತ್ಯದ ಕೆಲಸ. ಕೈಗೆ ಸಿಕ್ಕಿದ ಕೆಂಪು ಕ್ರೇಯಾನಿನಲ್ಲಿ ಹೆಸರು ಬರೆದು ಕೊಟ್ಟರು. ಯಶೋಧರಣ್ಣ ಹಾಳೆಯನ್ನೂ ನೋಡಿದರು, ಅವರ ಮುಖವನ್ನೂ ನೋಡಿದರು. ಹಾಳೆ ಮಡಚಿ ಜೇಬಿಗಿಟ್ಟು, ನೆಲದ ಮೇಲೆ ನೆಟ್ಟಗೆ ಮಲಗಿ ಕೈಗಳನ್ನು ಮಗ್ಗುಲಿಗೆ ಸೇರಿಸಿಕೊಂಡರು.

ಅಷ್ಟರಲ್ಲಿ ಅಲಾರಂ ಹೊಡೆಯಿತು. ಕುಸುಮಾವತಿ ಮಾತ್ರೆ ತಂದರು. "ಸತ್ತವರಿಗೆ ಎಂತ ಮಾತ್ರೆ," ಎಂದು ಯಶೋಧರಣ್ಣ ತುಟಿ ಬಿಗಿದರು. ಕುಸುಮಾವತಿಗೆ ಉಪಾಯ ಹೊಳೆಯಿತು. "ಇದು ನುಂಗದಿದ್ರೆ ಕಾರ್ಗೋದವರು ತೆಗೊಳ್ಳುದಿಲ್ಲವಂತೆ. ಎಂಬಸಿಯವರೇ ಹೇಳಿದ್ದು." ಸರಕಾರದ ಮಾತಿಗೆ ಎಂದೂ ಎದುರಾಡದ ಮನುಷ್ಯ ತಟ್ಟನೆ ಬಾಯಿ ತೆರೆದರು. ತನ್ನ ಜಾಣತನಕ್ಕೆ ಆ ಗಳಿಗೆಯಲ್ಲಿ ಕುಸುಮಾವತಿಗೆ ಹೆಮ್ಮೆಯೇ ಆಯಿತು. ಆ ಹೆಮ್ಮೆಯನ್ನು ನೆನೆದು ಅವರು ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಸ್ವಲ್ಪ ಹೊತ್ತಿನಲ್ಲಿ ಯಶೋಧರಣ್ಣನ ಕೈಕಾಲು ಹೊಡೆದುಕೊಳ್ಳತೊಡಗಿದವು. "ಅಂಕಲ್, ಪ್ಲೀಸ್, ಕಾರ್ ತೆಗೀರಿ," ಎಂದಳು ಅಶ್ಮಿತಾ. ಅವಳ ಬಾಯಲ್ಲಿ ಕನ್ನಡ ಬಂತೆಂದರೆ ಪ್ರಸಂಗ ಕೆಟ್ಟಿತೆಂದೇ ಅರ್ಥ. ರೋಶನ್ ಈ ಸಲ ಕುಸುಮಾವತಿಯ ಅಪ್ಪಣೆಗೆ ಕಾಯಲಿಲ್ಲ.

ಜಾಬ್ರಿಯಾದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೈಸೂರು ಕಡೆಯ ಡಾಕ್ಟರ್ ಯಾಮಿನಿ ಇದ್ದರು. ಕಣ್ಣಿಗೆ ಬೆಳಕು ಬಿಟ್ಟು, ಸೊಂಟದ ಗುಳ್ಳೆ ನೋಡಿ, ರಕ್ತ ತೆಗೆಸಿ, ಕುಸುಮಾವತಿಯ ಕಡೆ ತಿರುಗಿದರು.

"ನೋಡಿ ಅಮ್ಮಾ, ಸರ್ಪಸುತ್ತಿನ ವೈರಸ್ ಕೆಲವು ಸಲ ಮೆದುಳಿಗೆ ಹೋಗುತ್ತೆ. ಹೋಗಿದ್ರೆ ಒಂದೊಂದು ಗಂಟೆನೂ ಮುಖ್ಯ. ರಿಪೋರ್ಟಿಗೆ ಕಾಯ್ತಾ ಕೂರೋಕಾಗಲ್ಲ, ಔಷಧ ಶುರು ಮಾಡಿಬಿಡ್ತೀವಿ. ಇವರಿಗೆ ಮುಂಚೆ ಏನಾದ್ರೂ ತೊಂದರೆ ಇತ್ತಾ? ಶುಗರ್, ಲಿವರ್, ಕಿಡ್ನಿ?"

ಕುಸುಮಾವತಿಯ ಪಕ್ಕದಲ್ಲೇ ಅಶ್ಮಿತಾ ನಿಂತಿದ್ದಳು. ಆ ತಲೆಯ ಮೇಲೆ ಹಾಕಿದ ಆಣೆ.

"ಎಂತ ಇಲ್ಲ," ಎಂದರು.

ನರ್ಸು ಸ್ಟ್ಯಾಂಡಿಗೆ ಡ್ರಿಪ್ಪಿನ ಬಾಟಲಿ ತೂಗಿಸಿದಳು. ಅದು ಯಾವ ಮದ್ದು ಎಂದು ಕುಸುಮಾವತಿ ಕೇಳಿದರು. ಮಾತ್ರೆಯ ಔಷಧವೇ, ಆದರೆ ಜಾಸ್ತಿ, ನೇರ ರಕ್ತಕ್ಕೆ ಎಂದರು ಡಾಕ್ಟರ್. ಸ್ಟ್ರೆಚರಿನ ಮೇಲಿದ್ದ ಯಶೋಧರಣ್ಣ ಆಗ ಕಣ್ಣು ತೆರೆದು, ಕಷ್ಟಪಟ್ಟು ಜೇಬಿನಿಂದ ಆ ಹಾಳೆಯನ್ನು ಎಳೆದು ನರ್ಸಿನ ಕಡೆ ಚಾಚಿದರು. "ಸಿಸ್ಟರ್, ವೈಫ್ ಸಹಿ ಮಾಡಿದ್ದಾಳೆ. ಖಲಾಸ್. ಇನ್ನು ತಡ ಮಾಡ್ಬೇಡಿ."

ನರ್ಸು ಏನೂ ತಿಳಿಯದೆ ಹಸಿರು ಆನೆಯನ್ನು ನೋಡಿದಳು. ಯಾವ ಮದ್ದು ತೆಗೆದುಕೊಂಡರೂ ಹೇಳಿಯೇ ತೆಗೆದುಕೊಳ್ಳಿ ಎಂದ ಮಂಗಳೂರಿನ ಡಾಕ್ಟರ ದನಿ ಅಷ್ಟು ದಿನಗಳ ಮೇಲೆ ಈಗ ಕುಸುಮಾವತಿಯ ಕಿವಿಗೆ ಬಿತ್ತು.

"ಅಶ್ಮಿತಾ, ನೀನು ಸ್ವಲ್ಪ ಹೊರಗೆ ನಿಲ್ಲು," ಎಂದರು. ಆಣೆ ಮುರಿಯುವುದೇ ಆದರೆ ಆ ತಲೆ ಎದುರಿಗಿರುವುದು ಬೇಡ. ಮಗಳು ಪರದೆ ದಾಟಿದ ಮೇಲೆ ಬಾಟಲಿಯ ನಳಿಗೆಯನ್ನು ತಾವೇ ಹಿಡಿದುಕೊಂಡರು. "ಡಾಕ್ಟ್ರೇ, ಕಿಡ್ನಿ ಉಂಟು. ಕಿಡ್ನಿ ಸರಿ ಇಲ್ಲ ಇವರಿಗೆ. ಅರ್ಧಕ್ಕಿಂತ ಕಡಿಮೆ ಅಂತ ಊರಲ್ಲಿ ಹೇಳಿದ್ರು. ಕ್ಲಿನಿಕ್ಕಿನಲ್ಲಿ ಹೇಳ್ಲಿಲ್ಲ ನಾವು."

ಯಾಮಿನಿ ನರ್ಸಿನ ಕೈ ತಡೆದರು. "ಮಾತ್ರೆ ಎಷ್ಟು ಕೊಟ್ರಿ?"

"ಬರೆದಷ್ಟೂ. ಒಂದು ಹೊತ್ತೂ ತಪ್ಪಿಸ್ಲಿಲ್ಲ."

"ಮೊದಲೇ ಹೇಳಬಾರದಾಗಿತ್ತಾ ಅಮ್ಮಾ," ಎಂದರು ಡಾಕ್ಟರ್. ದನಿ ಏರಲಿಲ್ಲ, ಅದೇ ಕುಸುಮಾವತಿಗೆ ಹೆಚ್ಚು ತಾಗಿತು. ಲ್ಯಾಬಿಗೆ ಫೋನು ಹೋಯಿತು, ಕಿಡ್ನಿಯ ಅಂಕಿ ಕೇಳಿ ಯಾಮಿನಿ ಒಮ್ಮೆ ಉಸಿರು ಬಿಟ್ಟರು. ಬಾಟಲಿಯನ್ನು ಇಳಿಸಿ, ಯಶೋಧರಣ್ಣನನ್ನು ಡಯಾಲಿಸಿಸ್‌ಗೆ ಒಯ್ದರು.

ಕಾಯುವ ಕುರ್ಚಿಗಳ ಹತ್ತಿರ ಬಂದು ಯಾಮಿನಿ ಬಿಡಿಸಿ ಹೇಳಿದರು. ಚಿಕ್ಕಂದಿನ ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ನರದಲ್ಲಿ ಮಲಗಿರುತ್ತದೆ, ದೇಹ ದಣಿದಾಗ ಏಳುತ್ತದೆ. "ಅದಕ್ಕೆ ತಾನಾಗಿ ಬೆಳೆಯೋಕೆ ಬರಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ಅದರ ಕೈಲೇ ತನ್ನ ನಕಲು ಮಾಡಿಸ್ಕೊಳ್ಳುತ್ತೆ. ಈ ಔಷಧ ಆ ನಕಲಿನ ಸರಪಳಿಯಲ್ಲಿ ಒಂದು ಸುಳ್ಳು ಕೊಂಡಿಯಾಗಿ ಹೋಗಿ ಕೂರುತ್ತೆ. ಮುಂದಿನ ಕೊಂಡಿ ಸೇರಲ್ಲ, ನಕಲು ನಿಂತುಹೋಗುತ್ತೆ. ಒಳ್ಳೆ ಔಷಧನೇ. ಆದ್ರೆ ಕೆಲಸ ಮುಗಿದ ಮೇಲೆ ಅದು ಕಿಡ್ನಿ ದಾರಿಯಲ್ಲೇ ಹೊರಗೆ ಹೋಗಬೇಕು. ಇವರಲ್ಲಿ ಹೋಗಲಿಲ್ಲ. ಹಳೇದು ಹೋಗೋ ಮುಂಚೆ ಹೊಸದು ಬಂತು, ಎಲ್ಲ ಸೇರಿ ಮೆದುಳಿಗೆ ಏರಿದೆ. ಕಿಡ್ನಿ ವಿಷಯ ಗೊತ್ತಿದ್ದಿದ್ರೆ ಡೋಸ್ ಕಮ್ಮಿ ಬರೀತಿದ್ರು, ಅಷ್ಟೇ."

"ದೇಜಪ್ಪಣ್ಣ ಕಂಡದ್ದು? ಸತ್ತಿದ್ದೇನೆ ಅಂದದ್ದು?"

"ಇಲ್ಲದ್ದು ಕಾಣೋದು, ಕೈಕಾಲು ಜಿಗಿಯೋದು, ಎಲ್ಲ ಅದರದ್ದೇ. ಸತ್ತೇ ಹೋಗಿದೀನಿ ಅಂತ ನಂಬೋರೂ ಇದಾರೆ. ನಾನು ಓದಿದ್ದೆ, ನೋಡಿರಲಿಲ್ಲ." ಸ್ವಲ್ಪ ತಡೆದು ಸೇರಿಸಿದರು. "ವೈರಸ್ ಇಲ್ಲ ಅಂತ ಇನ್ನೂ ಪೂರ್ತಿ ಹೇಳಲ್ಲ ನಾನು. ರಕ್ತ ಶುದ್ಧಿಯಾದ ಮೇಲೆ ಎಚ್ಚರ ಬಂದ್ರೆ ಗೊತ್ತಾಗುತ್ತೆ."

ಅಕ್ಕನ ಫೋನು ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು, ಕುಸುಮಾವತಿ ಎತ್ತಲಿಲ್ಲ. ಕುಲೆ ಹೊರಗಿನಿಂದ ಬಂದದ್ದಾಗಿದ್ದರೆ ಅವರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಇದನ್ನು ತಾನೇ ನೀರು ಕುಡಿಸಿ, ಗಂಟಲು ನೀವಿ, ಒಳಗೆ ಬಿಟ್ಟಿದ್ದು.

ಡಯಾಲಿಸಿಸ್ ಮತ್ತೂ ಆಯಿತು. ಯಶೋಧರಣ್ಣ ಮೆಲ್ಲಮೆಲ್ಲಗೆ ತಿಳಿಯಾದರು. ಮೊದಲು ಮಗಳ ಹೆಸರು, ಆಮೇಲೆ ವಾರ, ಆಮೇಲೆ ಹಸಿವು. ದೇಜಪ್ಪ ಕಾಣಿಸಲಿಲ್ಲ. ವೈರಸ್ ಮೆದುಳಿಗೆ ಹೋಗಿರಲಿಲ್ಲವೆಂದು ಯಾಮಿನಿ ಗಟ್ಟಿಯಾಗಿ ಹೇಳಿದರು. ಆದರೆ ಮೊದಲೇ ಸೋತಿದ್ದ ಕಿಡ್ನಿ ಇನ್ನಷ್ಟು ಸೋತಿತ್ತು. ಆಸ್ಪತ್ರೆಯ ರಿಪೋರ್ಟು ಕಂಪನಿಗೆ ಮುಟ್ಟಿತು, ಎಚ್ಆರ್‌ನವರು ಹಣ್ಣಿನ ಬುಟ್ಟಿ ಹಿಡಿದು ಬಂದು ನೋಡಿ, ಊರಿನಲ್ಲೇ ಚಿಕಿತ್ಸೆ ಮಾಡಿಸುವುದು ಒಳ್ಳೆಯದಲ್ಲವೇ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು. ಗಂಡಹೆಂಡತಿ ಊರಿಗೆ ಹೊರಡುವುದೆಂದು ಆಯಿತು, ಆದರೆ ಅಶ್ಮಿತಾಳ ಪರೀಕ್ಷೆಗೆ ಇನ್ನೂ ಸಮಯವಿತ್ತು. ಅವಳು ರೋಶನ್‌ನ ಸಂಸಾರದ ಜೊತೆ ಉಳಿದು ಮುಗಿಸುವುದೆಂದು ನಿಶ್ಚಯವಾಯಿತು. ಅಪ್ಪ ಹೀಗೆ ಅಮ್ಮನಿಂದ ಆಣೆ ಹಾಕಿಸಿಕೊಂಡ ಕತೆ ಅವಳಿಗೆ ತಿಳಿದಾಗ, "ನನ್ನ ತಲೆ ಯಾಕೆ? ವೈ ಮೈ ಹೆಡ್?" ಎಂದು ಎದ್ದು ಹೋದವಳು ಒಂದು ದಿನ ಇಬ್ಬರ ಹತ್ತಿರವೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದರು. ಯಶೋಧರಣ್ಣ ಸೋಫಾದಲ್ಲಿ ಕುಳಿತು ತಮ್ಮ ಓಡಾಟದ ಫೈಲಿನ ಚೀಲವನ್ನು ರೋಶನ್‌ಗೆ ವಹಿಸಲೆಂದು ಜೋಡಿಸುತ್ತಿದ್ದರು.

"ಆಗಿನದ್ದೆಲ್ಲ ನನಗೆ ಮರೆತುಹೋಗಿದೆ," ಎಂದರು. "ಒಂದು ಮಾತ್ರ ನೆನಪುಂಟು. ನೀನು ಸಹಿ ಹಾಕಿದ್ದು."

"ನಿಮ್ಮನ್ನು ಸುಮ್ಮನಾಗಿಸ್ಲಿಕ್ಕೆ ಅಲ್ವಾ ಹಾಕಿದ್ದು."

"ಗೊತ್ತುಂಟು. ನಿನ್ನ ತಪ್ಪು ಅಂತ ಅಲ್ಲ." ಅವರು ಫೈಲಿನ ದಾರವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. "ಕೇಳಿದ ಕೂಡಲೇ ಹಾಕಿದೆಯಲ್ಲ. ನಾನು ಇಷ್ಟು ಜನರ ಹತ್ರ ಕೇಳಿದ್ದೇನೆ. ಒಮ್ಮೆಯಾದ್ರೂ ದೂಡ್ತಾರೆ. ಅಲ್ಲಿ ಮಲಗಿಕೊಂಡು ಅದನ್ನೇ ಯೋಚಿಸ್ತಾ ಇದ್ದೆ."

ಮಾತ್ರೆಯದು, ಮುಚ್ಚಿಟ್ಟದ್ದು, ಸುಳ್ಳು ಹೇಳಿ ನುಂಗಿಸಿದ್ದು, ಎಲ್ಲದಕ್ಕೂ ಕುಸುಮಾವತಿಯಲ್ಲಿ ಒಂದೊಂದು ಸಮಜಾಯಿಷಿ ಇತ್ತು. ಇದಕ್ಕಿರಲಿಲ್ಲ. "ಆ ಕಾಗದ ಎಲ್ಲುಂಟು?" ಎಂದು ಕೇಳಿದರು.

ಅದು ಚೀಲದಲ್ಲೇ ಇತ್ತು. ಆಸ್ಪತ್ರೆಯವರು ಅಂಗಿಯ ಜೊತೆ ಕಟ್ಟಿಕೊಟ್ಟದ್ದನ್ನು ಯಶೋಧರಣ್ಣ ಬೇರೆ ಕಾಗದಗಳ ಹಾಗೆಯೇ ಜೋಪಾನ ಮಾಡಿದ್ದರು. ಕುಸುಮಾವತಿ ಅದನ್ನು ತೆಗೆದುಕೊಂಡು ಕೆಂಪು ಸಹಿಯಿದ್ದ ಮೂಲೆಯನ್ನು ಹರಿದು ಮುಷ್ಟಿಯಲ್ಲಿ ಮುದುಡಿದರು. ಉಳಿದ ಹಾಳೆಯನ್ನು ಗಂಡನ ಕೈಗೆ ಕೊಟ್ಟು ಎದುರಿನ ಮಕ್ಕಳ ಕುರ್ಚಿಯಲ್ಲಿ ಕುಳಿತರು.

"ಕೇಳಿ," ಎಂದರು.

"ಎಂತ ಕೇಳುದು?"

"ಆವತ್ತು ಕೇಳಿದ್ದೇ. ಕೇಳಿ ಈಗ."

ಯಶೋಧರಣ್ಣ ಅವರ ಮುಖವನ್ನೇ ನೋಡಿದರು. ಆಮೇಲೆ ಹಾಳೆಯನ್ನು ಚಾಚಿದರು. "ಇಲ್ಲಿ," ಎಂದರು.

ಕುಸುಮಾವತಿ ಆ ಕೈಯನ್ನು ಆಚೆ ದೂಡಿದರು. ಅವರು ಮತ್ತೆ ಚಾಚಿದರು, ಇವರು ಮತ್ತೆ ದೂಡಿದರು. ಯಶೋಧರಣ್ಣ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಮನೆಗಳಲ್ಲಿ ಕೂರುತ್ತಿದ್ದಂತೆ ಸುಮ್ಮನೆ ಕುಳಿತರು, ಎದುರಿನಲ್ಲಿ ಹೆಂಡತಿ ಅಳುವುದು ಮುಗಿಯುವವರೆಗೆ.